ಹತ್ತಕ್ಕೆ ನಾಲ್ಕು ಅಂಕದ ನೋವು

ಮೊದಲು ಒಂದು ಸಣ್ಣ ಉರಿ ಶುರುವಾಯಿತು. ಹತ್ತನೇ ಕ್ಲಾಸಿನ ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತಿದ್ದೆ. ಕೈ ಎತ್ತಿದಾಗ ಬಲಗಡೆಯ ಪಕ್ಕೆಲುಬಿನ ಮೇಲೆ ಯಾರೋ ಮೆಣಸಿನಕಾಯಿ ಹೆಚ್ಚಿದ ಕೈ ಒರೆಸಿದ ಹಾಗಾಯಿತು. ಹೊಸ ಬ್ಲೌಸು, ಹೊಲಿಗೆ ಒತ್ತುತ್ತಿದೆ ಅಂದುಕೊಂಡೆ. ಪ್ರಮೇಯ ಮುಗಿಸಿದೆ. ಮನೆಗೆ ಬಂದು ಬ್ಲೌಸು ಬದಲಿಸಿದೆ. ಉರಿ ಹೋಗಲಿಲ್ಲ.

ನಮ್ಮ ಮನೆ ನಾಚಾರಂನಲ್ಲಿ. ಯಜಮಾನರು ಬಸವರಾಜ ಅವರು, ಉಪ್ಪಲ್ ಕಡೆಯ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ರಾಯಚೂರು ಕಡೆಯವರು ನಾವು, ಈಗ ಇಲ್ಲಿಯವರೇ ಆಗಿಬಿಟ್ಟಿದ್ದೇವೆ. ಆಫೀಸಿಗೆ ತೆಲುಗು, ಬಜಾರಿಗೆ ಹಿಂದಿ, ಹೊಸ್ತಿಲ ಒಳಗೆ ಕನ್ನಡ. ನಾನು ಊರ ನಡುವಿನ ಒಂದು ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹೆಸರು ಶಾಂತಾ, ಸ್ವಭಾವ ಅಷ್ಟೇನೂ ಶಾಂತವಲ್ಲ. ಹುಡುಗರು ಬೆನ್ನ ಹಿಂದೆ ಕರೆಯುವ ಹೆಸರು ಕಂಜೂಸ್ ಟೀಚರ್. ಅಂಕದ ವಿಷಯದಲ್ಲಿ ನನ್ನ ಕೈ ಬಿಗಿ. ಹತ್ತು ಅಂಕದ ಲೆಕ್ಕದ ಉತ್ತರ ಸರಿ ಬಂದರೆ ನಾಲ್ಕು. ಹಂತ ಬಿಡದೆ ಬರೆದಿದ್ದರೆ ಐದು. ಆಕೃತಿ ನೀಟಾಗಿದ್ದರೆ ಆರು. ಆರರ ಮೇಲೆ ನಾನು ಕೊಟ್ಟದ್ದನ್ನು ಕಂಡವರಿಲ್ಲ. ಉಳಿದದ್ದು ಯಾಕೆ ಇಟ್ಟುಕೊಂಡಿರಿ ಅಂತ ತಂದೆತಾಯಿಗಳು ಜಗಳಕ್ಕೆ ಬಂದರೆ, ಬೋರ್ಡ್ ಪರೀಕ್ಷೆಯವರು ಕೊಡಲಿ ಬಿಡಿ ಅನ್ನುತ್ತೇನೆ. ಇದರಲ್ಲಿ ತಪ್ಪಿದೆ ಅಂತ ನನಗೆ ಇವತ್ತಿಗೂ ಅನಿಸಿಲ್ಲ.

ಉರಿ ಹೆಚ್ಚಿತು. ಹತ್ತಿರದ ಒಂದು ದವಾಖಾನೆಯಲ್ಲಿ ಗ್ಯಾಸ್ ಅಂದರು, ಮಾತ್ರೆ ಕೊಟ್ಟರು. ಮರುದಿನ ಇಸಿಜಿ ತೆಗೆದರು. ಹೃದಯ ಚೆನ್ನಾಗಿದೆಯಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಷ್ಟರಲ್ಲಿ ಬೆನ್ನಿನಿಂದ ಎದೆಯ ಕೆಳಗಿನವರೆಗೆ ಒಂದು ಪಟ್ಟಿ ಕೆಂಪಾಗಿ, ಅದರ ಮೇಲೆ ಸಾಲಾಗಿ ಗುಳ್ಳೆ ಎದ್ದವು. ನಮ್ಮ ಅತ್ತೆಯವರು ಒಮ್ಮೆ ನೋಡಿದರು, ಎರಡನೇ ಸಲ ನೋಡಲಿಲ್ಲ.

"ಸರ್ಪಸುತ್ತು ಐತವ್ವ ಇದು. ತಲಿ ಬಾಲ ಕೂಡಬಾರದು."

ಹಾವಿನ ತಲೆಯೂ ಬಾಲವೂ ಮೈಸುತ್ತ ಬಂದು ಕೂಡಿದರೆ ಜೀವಕ್ಕೇ ಅಪಾಯ ಅಂತ ಹಿರಿಯರ ಮಾತು. ಅತ್ತೆ ಕೆಮ್ಮಣ್ಣು ಕಲಸಿ ಹಚ್ಚಿದರು. ಪಕ್ಕದ ಮನೆಯ ತೆಲುಗಿನವರು ಬಂದು, ಸರ್ಪಿ ಅಂತ ತಲೆಯಾಡಿಸಿ ಬೇವಿನ ಸೊಪ್ಪು ಕೊಟ್ಟು ಹೋದರು. ಯಜಮಾನರು ಇಬ್ಬರಿಗೂ ಹೂಂ ಅಂದು, ನನ್ನನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಡಾಕ್ಟರ್ ಸುಜಾತಾ ಅವರ ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಸುಜಾತಾ ನಾಚಾರಂ ಕಾರ್ಖಾನೆಯವರಿಗೆಲ್ಲ ಬೇಕಾದ ಡಾಕ್ಟರು. ನಲವತ್ತು ದಾಟಿದವರು, ಮಾತು ಕಡಿಮೆ. ಹರ್ಪಿಸ್ ಜೋಸ್ಟರ್ ಅಂದರು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸೇ ನರದಲ್ಲಿ ಅಡಗಿ ಕೂತು ಈಗ ಎದ್ದಿದೆ, ತಲೆ ಬಾಲ ಕೂಡುವ ಭಯ ಬೇಡ, ಆದರೆ ಬರುವುದು ತಡವಾಯಿತು ಅಂದರು. ಮಾತ್ರೆ ಬರೆದರು. ಗುಳ್ಳೆ ಒಣಗಿದವು, ಹಕ್ಕಳೆ ಉದುರಿದವು. ಅತ್ತೆ ನಾಗಪ್ಪನಿಗೆ ಹಾಲು ಎರೆದು ಹೋಳಿಗೆ ಮಾಡಿದರು.

ಗುಳ್ಳೆ ಹೋದವು. ನೋವು ಹೋಗಲಿಲ್ಲ.

ಇದನ್ನು ಹೇಗೆ ಹೇಳುವುದು? ಚರ್ಮ ನೋಡಿದರೆ ಏನೂ ಇಲ್ಲ, ಒಂದಿಷ್ಟು ಕಂದು ಕಲೆ. ಅಲ್ಲಿ ಫ್ಯಾನಿನ ಗಾಳಿ ತಾಗಿದರೆ ಉರಿ. ಬಟ್ಟೆ ತಾಗಿದರೆ ಉರಿ. ಜೋರಾಗಿ ಒತ್ತಿದರೆ ತಡೆಯಬಹುದು, ಮೆಲ್ಲಗೆ ಸವರಿದರೆ ಜೀವ ಹೋಗುತ್ತದೆ. ಯಜಮಾನರ ಹಳೆಯ ಜುಬ್ಬಾ ಹಾಕಿಕೊಂಡು, ಬಲಗಡೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮನೆಯಲ್ಲಿ ಓಡಾಡುತ್ತಿದ್ದೆ. ಅಡುಗೆ ಒಂದೇ ಕೈಯಲ್ಲಿ. ಮಲಗಿದರೆ ಎಡ ಮಗ್ಗುಲಿಗೇ.

ಬ್ಲೌಸು ಹಾಕುವಂತಿಲ್ಲ. ಸೀರೆ ಉಡುವಂತಿಲ್ಲ. ಸೀರೆ ಇಲ್ಲದೆ ನಾನು ಶಾಲೆಗೆ ಹೋಗುವಂತಿಲ್ಲ. ಬೇರೆಯವರು ಹೇಗೆ ಬೇಕಾದರೂ ಹೋಗಲಿ, ಜುಬ್ಬಾ ಹಾಕಿಕೊಂಡು ಹತ್ತನೇ ಕ್ಲಾಸಿನ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ. ರಜೆಯ ಮೇಲೆ ರಜೆ ಹಾಕಿದೆ. ಹೆಡ್ ಮಿಸ್ಟ್ರೆಸ್ ಫೋನ್ ಮಾಡಿ ಆರೋಗ್ಯ ವಿಚಾರಿಸಿದರು. ಆಮೇಲೆ, ಬಹಳ ಸಂಕೋಚದಿಂದ, ಸಂಕ್ರಾಂತಿ ರಜೆ ಮುಗಿಯುವ ಹೊತ್ತಿಗೆ ಬರಲಾಗದಿದ್ದರೆ ಹತ್ತನೇ ಕ್ಲಾಸನ್ನು ಸೈನ್ಸ್ ಟೀಚರಿಗೆ ಕೊಡಬೇಕಾಗುತ್ತದೆ ಅಂದರು. ಅವರದು ತಪ್ಪಲ್ಲ, ಬೋರ್ಡ್ ಪರೀಕ್ಷೆ ಯಾರಿಗಾಗಿಯೂ ಕಾಯುವುದಿಲ್ಲ. ಆದರೆ ಫೋನ್ ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ. ಆ ಮಕ್ಕಳನ್ನು ಎಂಟನೇ ಕ್ಲಾಸಿನಿಂದ ತಿದ್ದಿ ತೀಡಿ ತಂದವಳು ನಾನು.

ಸುಜಾತಾ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು. ನೋವೇ ಇಲ್ಲದಿದ್ದರೆ ಸೊನ್ನೆ, ಊಹಿಸಲಾಗದಷ್ಟು ನೋವಿದ್ದರೆ ಹತ್ತು. "ಟೀಚರ್ ಗಾರು, ಹತ್ತಕ್ಕೆ ಎಷ್ಟು?" ನಾನು ಯೋಚಿಸಿ ಹೇಳುತ್ತಿದ್ದೆ. ನಾಲ್ಕು. ಅವರು ಬರೆದುಕೊಂಡು ಪ್ಯಾರಾಸಿಟಮಾಲ್ ಕೊಡುತ್ತಿದ್ದರು. ಮುಂದಿನ ಸಲ ಮತ್ತೆ ನಾಲ್ಕು, ಮತ್ತೆ ಅದೇ ಮಾತ್ರೆ. ಒಂದು ದಿನ ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ನಾಲ್ಕು ಅನ್ನುತ್ತೀರಿ, ಆದರೆ ದಿನಕ್ಕೆ ದಿನ ಸೊರಗುತ್ತಿದ್ದೀರಿ, ನನಗೆ ಇದು ಬಗೆಹರಿಯುತ್ತಿಲ್ಲ ಅಂದರು. ಆಮೇಲೆ ಸ್ವಲ್ಪ ನಾಚಿಕೊಂಡು ಇನ್ನೊಂದು ವಿಷಯ ಹೇಳಿದರು. ಅವರು ಈಗ ವಿದ್ಯಾರ್ಥಿನಿ. ಕೆಲಸದಲ್ಲಿರುವ ಡಾಕ್ಟರು ನರ್ಸುಗಳಿಗಾಗಿ ಭಾನುವಾರ ಭಾನುವಾರ ನೋವಿನ ಚಿಕಿತ್ಸೆಯ ತರಗತಿ ನಡೆಯುತ್ತದೆ, ಕೊನೆಗೆ ಪರೀಕ್ಷೆಯೂ ಇದೆ. ಬರುವ ವಾರ ಅವರ ಸರದಿ, ಒಬ್ಬ ರೋಗಿಯನ್ನು ಕರೆದುಕೊಂಡು ಹೋಗಿ ಕ್ಲಾಸಿನ ಮುಂದೆ ಕೇಸ್ ಹೇಳಬೇಕು. ನೀವು ಬರುತ್ತೀರಾ?

ಡಾಕ್ಟರುಗಳಿಗೆ ಹೋಂವರ್ಕು! ನನಗೆ ನೋವಿನ ನಡುವೆಯೂ ಖುಷಿಯಾಯಿತು. ಬರುತ್ತೇನೆ ಅಂದೆ.

ತರಗತಿ ಇದ್ದದ್ದು ಅಬಿಡ್ಸ್ ಹತ್ತಿರದ ಒಂದು ನರ್ಸಿಂಗ್ ಸ್ಕೂಲಿನ ಹಾಲಿನಲ್ಲಿ. ಭಾನುವಾರ ಅಬಿಡ್ಸ್‌ನಲ್ಲಿ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ, ಫುಟ್‌ಪಾತಿನ ಉದ್ದಕ್ಕೂ ಹಳೆಯ ಪುಸ್ತಕ ಹರಡಿರುತ್ತಾರೆ. ಆಟೋ ಇಳಿಯುತ್ತಿದ್ದಂತೆ ಯಜಮಾನರ ಕಣ್ಣು ಆ ಕಡೆಗೇ ಹೋಯಿತು. ನನ್ನನ್ನು ಹಾಲಿನ ಬಾಗಿಲವರೆಗೆ ಬಿಟ್ಟು, ಈಗ ಬಂದೆ ಅಂತ ಮಾಯವಾದರು.

ಒಳಗೆ ಹೋಗಿ ಕೂತೆ. ಅಬ್ಬಾ, ಆ ಕ್ಲಾಸು! ಕೂದಲು ನೆರೆತ ಸರ್ಜನ್ನುಗಳು, ಸರ್ಕಾರಿ ಆಸ್ಪತ್ರೆಯ ಸಿಸ್ಟರುಗಳು, ಫಿಜಿಯೋಥೆರಪಿಯವರು, ಎಲ್ಲರೂ ಬೆಂಚಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದರು. ರಾಜಧಾನಿಯಲ್ಲಷ್ಟೇ ಇಂಥ ಕ್ಲಾಸು ಸಿಗುತ್ತದೆ ಅಂತ ವರಂಗಲ್, ಅನಂತಪುರ, ಶ್ರೀಕಾಕುಳಂನಿಂದೆಲ್ಲ ರಾತ್ರಿ ಬಸ್ಸಿಗೆ ಬಂದವರು. ಮೊದಲ ಬೆಂಚಿನವರು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಕೊನೆಯ ಬೆಂಚಿನಲ್ಲಿ ಒಬ್ಬ ಡಾಕ್ಟರು ಕಣ್ಣು ತೆರೆದುಕೊಂಡೇ ನಿದ್ದೆ ಹೊಡೆಯುತ್ತಿದ್ದರು. ಇನ್ನೊಬ್ಬರು ಪಕ್ಕದವರ ಪುಸ್ತಕ ಇಣುಕುತ್ತಿದ್ದರು. ನಮ್ಮನ್ನು ಹೆದರಿಸಿ ಇಂಜೆಕ್ಷನ್ ಚುಚ್ಚುವ ಜನ ಇಲ್ಲಿ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗರಿಗಿಂತ ಒಂದು ಕೂದಲೆಳೆಯಷ್ಟೂ ಬೇರೆಯಾಗಿರಲಿಲ್ಲ. ನನ್ನ ಜೀವ ಅರಳಿತು. ಎಷ್ಟೋ ತಿಂಗಳ ಮೇಲೆ ನನ್ನ ಜಾಗಕ್ಕೆ ಬಂದ ಹಾಗಿತ್ತು, ಮೈಮೇಲೆ ಜುಬ್ಬಾ ಇದ್ದರೂ.

ಕಲಿಸುವವರು ಡಾಕ್ಟರ್ ಖಾಲಿದ್, ಆಪರೇಷನ್ನಿಗೆ ಅರಿವಳಿಕೆ ಕೊಡುವ ಡಾಕ್ಟರು. ತೆಳ್ಳಗಿನ ಮನುಷ್ಯ, ಹೈದರಾಬಾದಿ ಮಾತು. ಸುಜಾತಾ ಎದ್ದು ಇಂಗ್ಲಿಷಿನಲ್ಲಿ ನನ್ನ ಕೇಸ್ ಓದಿದರು. ಕಾಗದದಿಂದ ಕಣ್ಣು ಎತ್ತಲಿಲ್ಲ. ಪಾಪ, ಮೌಖಿಕ ಪರೀಕ್ಷೆಗೆ ನಿಂತ ಹುಡುಗಿಯ ಹಾಗೆ. ಕೊನೆಗೆ, ಪೇನ್ ಸ್ಕೋರ್ ನಾಲ್ಕು ಅಂದರು.

ನಾಲ್ಕು ಇದ್ದರೆ ಏನು ಮಾಡುತ್ತೀರಿ ಅಂತ ಖಾಲಿದ್ ಕ್ಲಾಸಿಗೆ ಕೇಳಿದರು. ಕೈಗಳು ಎದ್ದವು. ಸಾಧಾರಣ ನೋವು, ಇದೇ ಮಾತ್ರೆ ಮುಂದುವರಿಸಿ ಎರಡು ತಿಂಗಳು ಬಿಟ್ಟು ನೋಡೋಣ ಅಂದರು ಅನಂತಪುರದ ಡಾಕ್ಟರೊಬ್ಬರು. ಹೌದು ಹೌದು ಅಂತ ನಾಲ್ಕೈದು ತಲೆ ಆಡಿದವು.

ಎರಡು ತಿಂಗಳು ಬಿಟ್ಟರೆ ಸಂಕ್ರಾಂತಿ ಹೋಗಿಬಿಡುತ್ತದೆ. ನನ್ನ ಹತ್ತನೇ ಕ್ಲಾಸು ಹೋಗಿಬಿಡುತ್ತದೆ. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ನಾಲ್ಕು ಅಂದದ್ದು ನಾನೇ, ಯೋಚಿಸಿ ಕೊಟ್ಟ ಅಂಕ. ಕೊಟ್ಟ ಅಂಕ ತಿದ್ದುವ ರೂಢಿ ನನಗಿಲ್ಲ.

ಆಗ ಬಾಗಿಲ ಹತ್ತಿರದಿಂದ ಯಜಮಾನರ ದನಿ ಬಂತು. ಕಂಕುಳಲ್ಲಿ ಹಳೆಯ ಪುಸ್ತಕದ ಕಟ್ಟು ಹಿಡಿದು ಯಾವಾಗ ಬಂದು ನಿಂತಿದ್ದರೋ.

"ಸಾಬ್, ಇನೋ ಆಜ್ ತಕ್ ಕಿಸೀಕು ಛೇ ಕೆ ಉಪ್ಪರ್ ನೈ ದಿಯೆ."

ಇಡೀ ಕ್ಲಾಸು ತಿರುಗಿ ನೋಡಿತು. ಈಕೆ ಗಣಿತದ ಟೀಚರು, ಇವತ್ತಿನವರೆಗೆ ಯಾರಿಗೂ ಹತ್ತಕ್ಕೆ ಆರರ ಮೇಲೆ ಕೊಟ್ಟವಳಲ್ಲ, ಸ್ವಂತ ಮಗನಿಗೂ ಕೊಟ್ಟಿಲ್ಲ, ಹುಡುಗರು ಕಂಜೂಸ್ ಟೀಚರ್ ಅಂತಲೇ ಕರೆಯುತ್ತಾರೆ ಅಂತ ಇವರು ಹಿಂದಿಯಲ್ಲೇ ವಿವರಿಸಿದರು. ನಾಲ್ಕು ಅಂದರೆ ಈಕೆಯ ಲೆಕ್ಕದಲ್ಲಿ ಉತ್ತರ ಪೂರ್ತಿ ಸರಿ ಅಂತ. ಹಾಲಿನ ತುಂಬ ನಗು. ಕೊನೆಯ ಬೆಂಚಿನವರೂ ಎಚ್ಚರಾದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮನೆಗೆ ಹೋದ ಮೇಲೆ ಇವರಿಗೆ ಇದೆ ಅಂದುಕೊಂಡೆ.

ಖಾಲಿದ್ ನಗಲಿಲ್ಲ. ಕುರ್ಚಿ ಎಳೆದುಕೊಂಡು ನನ್ನೆದುರು ಕೂತು, ಬೇರೆ ನೋವುಗಳಿಗೆ ನೀವು ಎಷ್ಟು ಕೊಡುತ್ತೀರಿ ಅಂತ ಕೇಳಿದರು. ಹಲ್ಲು ಕಿತ್ತದ್ದು? ಒಂದು. ಕಾಲು ಮುರಿದದ್ದು? ಮುರಿದಿಲ್ಲ, ಕಾಣದ್ದಕ್ಕೆ ಅಂಕ ಇಲ್ಲ. ಹೆರಿಗೆ?

"ಐದು," ಅಂದೆ. ಮಗ ಅಡ್ಡ ತಿರುಗಿದ್ದ, ಎರಡು ದಿನ ಬೇನೆ ತಿಂದಿದ್ದೆ. ಆಕೃತಿ ನೀಟಾಗಿರಲಿಲ್ಲ.

"ಔರ್ ಯೇ?" ಅಂತ ಪಕ್ಕೆಯ ಕಡೆ ತೋರಿಸಿದರು.

ನಾನು ಪ್ರಾಮಾಣಿಕವಾಗಿ ಇನ್ನೊಮ್ಮೆ ತೂಗಿದೆ. "ನಾಲ್ಕೂವರೆ ಕೊಡಬಹುದು."

ನಗು ನಿಂತಿತು. ಮುಂದಿನ ಬೆಂಚಿನ ವರಂಗಲ್ ಸಿಸ್ಟರ್ ಮೆಲ್ಲಗೆ ತೆಲುಗಿನಲ್ಲಿ ಕೇಳಿದರು, ದಿನಾಲೂ ಇಷ್ಟು ಇರುತ್ತದೆಯಾ ಅಂತ. ದಿನಾಲೂ ಅಂದೆ. ಅವರು ಪೆನ್ನಿನ ಕ್ಯಾಪು ಹಾಕಿಬಿಟ್ಟರು.

ಅಂಕ ಬಿಡಿ ಟೀಚರ್, ಈ ನೋವಿನಿಂದ ನಿಮಗೆ ಏನು ಮಾಡಲು ಆಗುತ್ತಿಲ್ಲ, ಅದನ್ನು ನಿಮ್ಮ ಭಾಷೆಯಲ್ಲೇ ಹೇಳಿ ಅಂದರು ಖಾಲಿದ್. ಇಷ್ಟು ತಿಂಗಳಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಉತ್ತರ ಬಾಯಲ್ಲೇ ಇತ್ತು.

"ಸೀರಿ ಉಡಾಕ ಆಗವಲ್ದ್ರಿ. ಸೀರಿ ಉಡದ ಸಾಲಿಗಿ ಹೆಂಗ ಹೋಗ್ಲಿ? ನನ್ನ ಹುಡುಗ್ರು ಕಾಯಾಕತ್ತಾವ."

ಒಂದು ಹಾಲಿನ ತುಂಬ ಡಾಕ್ಟರುಗಳ ಮುಂದೆ, ಜುಬ್ಬಾ ಹಾಕಿಕೊಂಡು, ನಾನು ಅತ್ತುಬಿಟ್ಟೆ. ಅಮ್ಮ ತೀರಿಕೊಂಡಾಗಲೂ ಜನರ ಮುಂದೆ ಅತ್ತವಳಲ್ಲ. ಯಜಮಾನರು ಪುಸ್ತಕದ ಕಟ್ಟು ಕೆಳಗಿಟ್ಟು ಬಂದು ಪಕ್ಕದಲ್ಲಿ ನಿಂತರು, ಮುಟ್ಟಲಿಲ್ಲ. ಮುಟ್ಟಬಾರದು ಅಂತ ಅವರಿಗೆ ರೂಢಿಯಾಗಿತ್ತು. ಮಾತಿನ ಅರ್ಥವನ್ನು ಅವರೇ ಕ್ಲಾಸಿಗೆ ಹಿಂದಿಯಲ್ಲಿ ಹೇಳಿದರು.

ನನ್ನನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, ಹೆಂಗಸರಷ್ಟೇ ಬಂದು, ಸುಜಾತಾ ಒಂದು ಎಳೆ ಹತ್ತಿಯಿಂದ ಆ ಪಟ್ಟಿಯನ್ನು ಸವರಿದರು. ನಾನು ಕುರ್ಚಿಯಿಂದ ಚಿಮ್ಮಿ ಎದ್ದೆ. ಹತ್ತಿಗೆ ಹೀಗೆ! ಹೊರಗೆ ಬಂದು ಸುಜಾತಾ ಕಂಡದ್ದನ್ನು ಈ ಸಲ ಕಾಗದ ನೋಡದೆಯೇ ಕ್ಲಾಸಿಗೆ ಹೇಳಿದರು. ಇದು ಗಾಯದ ನೋವಲ್ಲ, ನರವೇ ಕೆಟ್ಟು ಸುಳ್ಳು ಸುದ್ದಿ ಕಳಿಸುತ್ತಿದೆ, ಪ್ಯಾರಾಸಿಟಮಾಲ್ ಇದರ ಹತ್ತಿರವೂ ಸುಳಿಯುವುದಿಲ್ಲ ಅಂದರು. ಪೋಸ್ಟ್ ಹರ್ಪಿಟಿಕ್ ನ್ಯೂರಾಲ್ಜಿಯಾ. ಹೆಸರು ಕೇಳಿದರೇ ಸಾಕು, ಆರು ಅಂಕ ಕೊಡಬೇಕು ಅನಿಸಿತು.

ಆಮೇಲೆ ಕ್ಲಾಸು ಸಂತೆಯಾಯಿತು. ಒಬ್ಬರು ಗಾಬಾಪೆಂಟಿನ್ ಅನ್ನುವ ನರದ ಮಾತ್ರೆ ಅಂದರು, ಇನ್ನೊಬ್ಬರು ಮೆಲ್ಲಗೆ ಏರಿಸಿ ಅಂದರು, ಮತ್ತೊಬ್ಬರು ಮರಗಟ್ಟಿಸುವ ಜೆಲ್ಲಿ ಅಂದರು. ದಿನದ ಯಾವ ಹೊತ್ತಿನಲ್ಲಿ ನೋವು ಹೆಚ್ಚು ಅಂತ ಮೂರು ಕಡೆಯಿಂದ ಪ್ರಶ್ನೆ ಬಂತು. ಎಷ್ಟು ಸಲ ಹೇಳುವುದು? ನಾನು ಎದ್ದು ಬೋರ್ಡಿನ ಹತ್ತಿರ ಹೋದೆ, ಸೀಮೆಸುಣ್ಣ ತೆಗೆದುಕೊಂಡೆ, ಎರಡು ಅಕ್ಷ ಎಳೆದೆ. ಅಡ್ಡ ಅಕ್ಷಕ್ಕೆ ಹೊತ್ತು, ನೇರ ಅಕ್ಷಕ್ಕೆ ನೋವು. ಎದ್ದಾಗ ಇಷ್ಟು. ಸ್ನಾನದ ನೀರು ಬಿದ್ದಾಗ ಇಲ್ಲಿ. ಬಟ್ಟೆ ಹಾಕುವಾಗ ನೆತ್ತಿಗೆ. ಮಧ್ಯಾಹ್ನ ಇಳಿಜಾರು. ಮಲಗುವ ಹೊತ್ತಿಗೆ ಮತ್ತೆ ಗುಡ್ಡ. ಬಿಂದು ಬಿಂದು ಕೂಡಿಸಿ ರೇಖೆ ಎಳೆದು ತಿರುಗಿ ನೋಡುತ್ತೇನೆ, ಎಲ್ಲರೂ ಬೋರ್ಡನ್ನೇ ನೋಡುತ್ತಾ ಕೂತಿದ್ದಾರೆ.

"ಬರೆದುಕೊಳ್ಳಿ," ಅಂದೆ. ಅಭ್ಯಾಸ ಬಲ.

ಬರೆದುಕೊಂಡರು! ಸರ್ಜನ್ನುಗಳೂ ಬರೆದುಕೊಂಡರು. ಖಾಲಿದ್ ಅವರು ಬೋರ್ಡಿನ ಎರಡು ಗುಡ್ಡಕ್ಕೆ ಮುಂಚೆ ಎರಡು ಗುರುತು ಹಾಕಿ, ಇಲ್ಲಿ ಮಾತ್ರೆ, ಇಲ್ಲಿ ಜೆಲ್ಲಿ ಅಂದರು. ಫಿಜಿಯೋಥೆರಪಿಯ ಹುಡುಗಿ, ಚರ್ಮಕ್ಕೆ ಬಟ್ಟೆಯನ್ನು ಮತ್ತೆ ಪರಿಚಯ ಮಾಡಿಸಬೇಕು, ಮೆತ್ತನೆಯದರಿಂದ ಶುರುಮಾಡಿ ದಿನಾ ಸ್ವಲ್ಪ ಹೊತ್ತು ಸವರಬೇಕು ಅಂದಳು. ಆಗ ನೋಡಿಕೊಂಡೆ. ನನ್ನ ಎಡಗೈ ಖಾಲಿ ಇತ್ತು. ಜುಬ್ಬಾ ಎತ್ತಿ ಹಿಡಿಯುವುದನ್ನು ಎಷ್ಟೋ ಹೊತ್ತಿನಿಂದ ಮರೆತೇಬಿಟ್ಟಿದ್ದೆ. ನೆನಪಾದ ಕೂಡಲೇ ಉರಿ ಮರಳಿ ಬಂತು, ಆದರೆ ಅಷ್ಟು ಹೊತ್ತು ಅದು ಎಲ್ಲಿ ಹೋಗಿತ್ತು ಅಂತ ನನಗೆ ಆಶ್ಚರ್ಯ.

ಮನೆಗೆ ಬಂದ ಮೇಲೆ ಯಜಮಾನರನ್ನು ಬೈಯುವುದು ಮರೆತುಹೋಯಿತು.

ಮಾತ್ರೆ ಸುಲಭವೇನಾಗಿರಲಿಲ್ಲ. ಮೊದಲ ವಾರ ತಲೆ ಗಿರಗಿರ, ನಿಂತಲ್ಲೇ ತೂಕಡಿಕೆ. ಒಂದು ದಿನ ಚಹಾಕ್ಕೆ ಉಪ್ಪು ಹಾಕಿದೆ, ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಸುಜಾತಾ ಮಾತ್ರೆಯನ್ನು ತುಸು ಇಳಿಸಿ ಮತ್ತೆ ಮೆಲ್ಲಗೆ ಏರಿಸಿದರು. ಈಗ ಅವರು ಹತ್ತಕ್ಕೆ ಎಷ್ಟು ಅನ್ನುತ್ತಿರಲಿಲ್ಲ. ಇವತ್ತು ಏನೇನು ಮಾಡಿದಿರಿ ಅನ್ನುತ್ತಿದ್ದರು. ಪ್ರತಿ ಭಾನುವಾರ ಕ್ಲಾಸು ಮುಗಿಸಿ ನಮ್ಮ ಮನೆಗೇ ಬಂದು, ಕಲಿತದ್ದನ್ನು ನನಗೆ ಒಪ್ಪಿಸಿ, ಅತ್ತೆಯ ಕೈಯ ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಇಬ್ಬರೂ ಪರೀಕ್ಷೆಗೆ ಕೂತ ಹಾಗಿತ್ತು.

ಬಟ್ಟೆಯ ಪಾಠ ಅತ್ತೆಯ ಪಾಲಿಗೆ ಬಂತು. ತೊಳೆದು ತೊಳೆದು ಹೂವಿನ ಹಾಗಾಗಿದ್ದ ತಮ್ಮ ಹಳೆಯ ಇಳಕಲ್ ಸೀರೆಯನ್ನು ಹರಿದು ತುಂಡು ಮಾಡಿದರು. ಬೆಳಿಗ್ಗೆ ಜೆಲ್ಲಿ ಹಚ್ಚಿ, ಸ್ವಲ್ಪ ಬಿಟ್ಟು, ಆ ತುಂಡಿನಿಂದ ಸವರುವುದು. ನಾನು ಹಲ್ಲು ಕಚ್ಚಿದರೆ ಅವರು ನಿಲ್ಲಿಸುತ್ತಿದ್ದರು. ಅದು ಒಗ್ಗಿದ ಮೇಲೆ ವಾಯಿಲ್, ಆಮೇಲೆ ಪಾಪ್ಲಿನ್, ಆಮೇಲೆ ಟವೆಲ್ಲು. ವಾಯಿಲ್‌ನಲ್ಲಿ ನಾನು ಎರಡು ಸಲ ನಪಾಸಾದೆ. ಅತ್ತೆ ಬೇಸರ ಮಾಡಿಕೊಳ್ಳಲಿಲ್ಲ. ಕೆಮ್ಮಣ್ಣಿಗಿಂತ ಇದು ಛಲೋ ಐತಿ ನೋಡು ಅಂತ ಒಮ್ಮೆ ತಾವೇ ಒಪ್ಪಿಕೊಂಡರು. ಒಂದು ರಾತ್ರಿ ನಿದ್ದೆಯಲ್ಲಿ ಬಲ ಮಗ್ಗುಲಿಗೆ ಹೊರಳಿದ್ದೆನಂತೆ. ಬೆಳಿಗ್ಗೆ ಯಜಮಾನರು ಆ ಸುದ್ದಿಯನ್ನು ಕಾರ್ಖಾನೆಗೆಲ್ಲ ಹೇಳಿ ಬಂದರು.

ಸಂಕ್ರಾಂತಿಯ ಹಿಂದಿನ ವಾರ ಸುಜಾತಾ ಫೋನ್ ಮಾಡಿದರು. ಪಾಸಾಗಿದ್ದರು. ಸಣ್ಣ ಹುಡುಗಿಯ ಹಾಗೆ ಒಂದೇ ಉಸಿರಿಗೆ ಹೇಳಿದರು. ಹೊಸ ಬ್ಯಾಚು ಶುರುವಾಗುತ್ತದಂತೆ, ಕಂಜೂಸ್ ಟೀಚರನ್ನು ಮತ್ತೆ ಕರೆತನ್ನಿ ಅಂತ ಖಾಲಿದ್ ಹೇಳಿದ್ದಾರಂತೆ. ಬರುತ್ತೇನೆ ಅಂದೆ. ಇಷ್ಟು ಹೊತ್ತಿಗೆ ನನಗೂ ಗೊತ್ತಾಗಿತ್ತು, ಈ ನೋವು ಪೂರ್ತಿ ಹೋಗದೆಯೂ ಇರಬಹುದು. ಸುಜಾತಾ ಅದನ್ನು ಮುಚ್ಚಿಡಲಿಲ್ಲ. ಮುಚ್ಚಿಡದ್ದಕ್ಕೇ ನಾನು ಅವರನ್ನು ನಂಬುತ್ತೇನೆ.

ರಜೆ ಮುಗಿದ ದಿನ ಸಡಿಲವಾಗಿ ಹೊಲಿಸಿದ ವಾಯಿಲ್ ಬ್ಲೌಸು ಹಾಕಿದೆ. ಹುಕ್ಕು ಹಾಕಿಕೊಳ್ಳುವಾಗ ಉಸಿರು ಬಿಗಿಹಿಡಿದೆ. ಹಿಡಿದ ಉಸಿರು ಬಿಟ್ಟೆ. ಸೀರೆ ಉಟ್ಟೆ, ನೆರಿಗೆ ಹಿಡಿದೆ, ಸೆರಗು ಹೊದ್ದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಯಜಮಾನರು ಸ್ಕೂಟರನ್ನು ಹೊಂಡ ತಪ್ಪಿಸಿ ತಪ್ಪಿಸಿ ಓಡಿಸಿದರು.

ಹತ್ತನೇ ಕ್ಲಾಸು ಎದ್ದು ನಿಂತಿತು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ. ನನಗೆ ಅಷ್ಟು ಸಂತೋಷವಾಗಿತ್ತು, ಅದನ್ನು ಮುಚ್ಚಿಕೊಳ್ಳಲು ಬೋರ್ಡಿನ ಕಡೆ ತಿರುಗಿ ಬೇಗ ಬೇಗ ಒಂದು ವೃತ್ತ ಬರೆದೆ. ಮೊದಲನೇ ಪೀರಿಯಡ್ ನಿಂತೇ ಕಲಿಸಿದೆ. ಕೊನೆಯ ಪೀರಿಯಡ್ಡಿನಲ್ಲಿ ಪಕ್ಕೆ ಉರಿಯತೊಡಗಿತು. ಕುರ್ಚಿ ಎಳೆದುಕೊಂಡು ಕೂತು ಕಲಿಸಿದೆ. ಸರ್ವಿಸ್ಸಿನಲ್ಲಿ ಇದೇ ಮೊದಲು.

ಸಂಜೆ ಗೇಟಿನ ಹತ್ತಿರ ಯಜಮಾನರು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮುಖ ನೋಡಿದರು. ಹೇಗಿದೆ ಅಂತ ಅವರು ಕೇಳಿದರೆ, ಮದುವೆಯಾದ ದಿನದಿಂದ ನನ್ನ ಉತ್ತರ ಒಂದೇ, ಏನೂ ಆಗಿಲ್ಲ.

"ಹೆಂಗೈತಿ?"

"ನೋಯಾಕತ್ತೈತ್ರಿ, ಭಾಳ," ಅಂದೆ. "ನಾಳಿ ಉಡೂ ಸೀರಿಗಿ ಗಂಜಿ ಹಾಕಬ್ಯಾಡ ಅಂತ ದೋಬಿಗೆ ಹೇಳಿ ಹೋಗೂಣು ನಡೀರಿ."